ಆಫ್‌ರೋಡ್ ವಾಹನಕ್ಕೆ ಅಲ್ಯೂಮಿನಿಯಂ ಮುಂಬಂಪರ್: ಮುಖಕ್ಕಿಂತ ಮೊದಲು ಬೆನ್ನನ್ನು ನೋಡಿ ಆರಿಸುವ ಕ್ರಮ

ಪುಣೆ, ಮುಂಬಯಿ, ಗೋವೆಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಥಾರ್, ಜಿಮ್ನಿ, ಗೂರ್ಖಾದಂತಹ ನಾಲ್ಕು ಚಕ್ರ ಚಾಲನೆಯ ವಾಹನ ಇಟ್ಟುಕೊಂಡವರು ಕಡಿಮೆಯಿಲ್ಲ. ಊರಿಗೆ ಹೋಗುವಾಗ ಚೋರ್ಲಾ, ಅಂಬೋಲಿ ಅಥವಾ ಅನಮೋಡ ಘಾಟಿಯ ದಾರಿ ಹಿಡಿಯುವವರೂ, ಬಿಡುವಿನ ದಿನ ತಾಮ್ಹಿಣಿಯ ಕಡೆಗೆ ಹೊರಡುವವರೂ ವಾಹನ ಕೊಂಡ ಕೆಲವೇ ದಿನಗಳಲ್ಲಿ ಮುಂಭಾಗದ ಬಂಪರ್ ಬದಲಾಯಿಸುವ ಯೋಚನೆ ಮಾಡುತ್ತಾರೆ. ಅಂಗಡಿಯಲ್ಲಿ ಬಂಪರನ್ನು ಯಾವಾಗಲೂ ಮುಖದ ಕಡೆಯಿಂದಲೇ ತೋರಿಸುತ್ತಾರೆ: ಹೊಳಪಿಲ್ಲದ ಕಪ್ಪು ಬಣ್ಣ, ಕೆಂಪು ಕೊಕ್ಕೆಗಳು, ಸಾಲು ದೀಪಗಳು. ಆದರೆ ಅದರ ಯೋಗ್ಯತೆ ತೀರ್ಮಾನವಾಗುವುದು ಬೆನ್ನ ಕಡೆಯಲ್ಲಿ. ಅದು ಚಾಸಿಗೆ ಎಲ್ಲಿ ಮತ್ತು ಹೇಗೆ ಕಚ್ಚಿಕೊಳ್ಳುತ್ತದೆ, ಯಾವ ಮಿಶ್ರಲೋಹದಿಂದ ಆಗಿದೆ, ಬೆಸುಗೆ ಎಂಥದ್ದು, ಬೇರೆ ಲೋಹವನ್ನು ಮುಟ್ಟುವ ಜಾಗದಲ್ಲಿ ಏನು ವ್ಯವಸ್ಥೆ ಇದೆ ಎಂಬುದನ್ನು ಬಲ್ಲವರು ಮಾತ್ರ ಕೊಟ್ಟ ಹಣಕ್ಕೆ ತಕ್ಕ ವಸ್ತುವನ್ನು ಮನೆಗೆ ತರುತ್ತಾರೆ. ಈ ಮಾರ್ಗದರ್ಶಿಯಲ್ಲಿ ಆ ಕ್ರಮವನ್ನೇ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ವಾಹನ ಎಲ್ಲಿ ಓಡುತ್ತದೆ ಎಂಬುದನ್ನು ನಿರ್ಧರಿಸಿ

ಲೋಹದ ಮಾತಿಗಿಂತ ಮೊದಲು ಕಾನೂನಿನ ಮಾತು ಆಗಬೇಕು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳ ಮುಂದೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳನ್ನು (ಬಂಪರಿನ ಮುಂದೆ ಬಿಗಿಯುವ ಲೋಹದ ಕಂಬಿಗಳನ್ನು) ಅಳವಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆಯೆಂದೂ, ಅದು ಪಾದಚಾರಿಗಳಿಗೂ ವಾಹನದಲ್ಲಿ ಕೂತವರಿಗೂ ಅಪಾಯಕಾರಿಯೆಂದೂ ತಿಳಿಸಿತು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 182ಎ ಕಲಮಿನ 4ನೇ ಉಪಕಲಮು, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಇದು ಕೇಂದ್ರದ ಕಾಯ್ದೆಯಾದ್ದರಿಂದ ನಿಮ್ಮ ನಂಬರ್ ಪ್ಲೇಟ್ ಕೆಎ ಇರಲಿ, ಎಂಎಚ್ ಇರಲಿ, ಜಿಎ ಇರಲಿ, ನಿಯಮ ಒಂದೇ.

ಹಾಗಾಗಿ ಅಲ್ಯೂಮಿನಿಯಂ ಬಂಪರಿಗೆ ನಿರಾತಂಕವಾದ ಬಳಕೆ ಎರಡೇ ತೆರನಾದದ್ದು. ಮೊದಲನೆಯದು, ಖಾಸಗಿ ಜಮೀನಿನಲ್ಲಿ ಅಥವಾ ಸ್ಪರ್ಧೆಯಲ್ಲಿ ಮಾತ್ರ ಓಡುವ, ಅಲ್ಲಿಗೆ ಲಾರಿಯ ಮೇಲೆ ಸಾಗುವ ವಾಹನ. 2014ರಲ್ಲಿ ಗೋವೆಯ ಮಳೆಗಾಲದಲ್ಲಿ ಆರಂಭವಾದ ರೇನ್‌ಫಾರೆಸ್ಟ್ ಚಾಲೆಂಜ್‌ನಂತಹ ಸ್ಪರ್ಧೆಗಳಿಗೆ ಸಿದ್ಧಪಡಿಸುವ ವಾಹನಗಳು ಈ ಗುಂಪಿಗೆ ಸೇರುತ್ತವೆ. ಎರಡನೆಯದು, ನಿಮ್ಮದೇ ಮಾದರಿಗೆ, ನಿಮ್ಮದೇ ವರ್ಷದ ಆವೃತ್ತಿಗೆ ವಾಹನ ತಯಾರಕರೇ ಒಪ್ಪಿ, ಅಧಿಕೃತ ಡೀಲರ್ ಬಿಲ್ಲು ಹಾಕಿ ಜೋಡಿಸಿಕೊಡುವ ಬಿಡಿಭಾಗ. ದಿನನಿತ್ಯ ಹಿಂಜೇವಾಡಿಗೋ ಅಂಧೇರಿಗೋ ಕಚೇರಿಗೆ ಹೋಗಿಬರುವ ವಾಹನಕ್ಕೆ ತಯಾರಕರ ಒಪ್ಪಿಗೆಯಿಲ್ಲದ ಲೋಹದ ಬಂಪರ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ದಂಡದ ಹೆದರಿಕೆಗಿಂತ ದೊಡ್ಡ ಕಾರಣವಿದೆ, ಮುಂದಿನ ಹಂತದಲ್ಲಿ ಅದನ್ನೇ ವಿವರಿಸಿದ್ದೇನೆ. ಹೇಗೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ಆ ಬದಲಾವಣೆಯನ್ನು ನಮೂದಿಸಿಕೊಳ್ಳದೆ ಯಾವ ಬಂಪರನ್ನೂ ಹಾಕಬೇಡಿ. ತಿಳಿಸದ ಮಾರ್ಪಾಡು ಅಪಘಾತದ ಪರಿಹಾರ ಕೇಳುವಾಗ ಅಡ್ಡ ಬರುತ್ತದೆ.

ಎರಡನೆಯ ಹಂತ: ಪ್ಲಾಸ್ಟಿಕ್ಕಿನ ಹಿಂದೆ ಏನಿದೆ ಎಂದು ನೋಡಿ

ಕಂಪನಿಯ ಬಂಪರೆಂದರೆ ಕೇವಲ ಪ್ಲಾಸ್ಟಿಕ್ ಎಂದು ತಿಳಿದವರು ಅನೇಕರು. ಕಣ್ಣಿಗೆ ಕಾಣುವುದು ಹೊದಿಕೆ ಮಾತ್ರ. ಅದರ ಹಿಂದೆ ಅಡ್ಡಲಾಗಿ ಒಂದು ಉಕ್ಕಿನ ತೊಲೆ ಇರುತ್ತದೆ, ಆ ತೊಲೆಗೂ ಚಾಸಿಯ ಎರಡು ತುದಿಗಳಿಗೂ ನಡುವೆ ಹೊಡೆತ ಬಿದ್ದಾಗ ಮಡಿಚಿಕೊಳ್ಳಲೆಂದೇ ರೂಪಿಸಿದ ತೆಳುಗೋಡೆಯ ಪೆಟ್ಟಿಗೆಗಳಿರುತ್ತವೆ. ಇವನ್ನು ಕ್ರ್ಯಾಶ್ ಬಾಕ್ಸ್ ಎನ್ನುತ್ತಾರೆ. ಡಿಕ್ಕಿಯಾದಾಗ ಈ ಪೆಟ್ಟಿಗೆಗಳು ಮಡಿಚಿಕೊಳ್ಳುತ್ತ ಶಕ್ತಿಯನ್ನು ನುಂಗುತ್ತವೆ, ವಾಹನದ ವೇಗ ಒಂದು ನಿರ್ದಿಷ್ಟ ರೀತಿಯಲ್ಲಿ ಇಳಿಯುತ್ತದೆ, ಆ ಇಳಿತವನ್ನು ಅಳೆಯುವ ಸೆನ್ಸರ್‌ಗಳು ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನ ಅವಧಿಯಲ್ಲಿ ಏರ್‌ಬ್ಯಾಗ್ ಬಿಚ್ಚಬೇಕೇ ಬೇಡವೇ ಎಂಬುದಕ್ಕೆ ಸೂಚನೆ ಕೊಡುತ್ತವೆ. ಈ ಲೆಕ್ಕವನ್ನು ತಯಾರಕರು ಮೂಲ ಬಂಪರನ್ನೇ ಇಟ್ಟುಕೊಂಡು, ವಾಹನಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ಕಂಡುಕೊಂಡಿರುತ್ತಾರೆ. ನಮ್ಮ ಪುಣೆಯ ಕೋಥರೂಡ್‌ನಲ್ಲಿ 1966ರಿಂದ ಇರುವ ಎಆರ್‌ಎಐ ಸಂಸ್ಥೆ ಇಂತಹ ವಾಹನ ಪರೀಕ್ಷೆಗಳಿಗೇ ಮೀಸಲಾದದ್ದು.

ಈ ಪೆಟ್ಟಿಗೆಗಳನ್ನು ಕಿತ್ತು ಹಾಕಿ, ದಪ್ಪ ತಗಡಿನ ಬ್ರ್ಯಾಕೆಟ್‌ಗಳಿಂದ ಚಾಸಿಗೆ ನೇರವಾಗಿ ಬಿಗಿಯುವ ಬಂಪರ್ ಆ ಲೆಕ್ಕವನ್ನು ಎರಡು ಬಗೆಯಲ್ಲಿ ಕೆಡಿಸಬಹುದು. ಸಣ್ಣ ಹೊಡೆತದ ಆಘಾತವೂ ನೇರವಾಗಿ ಚಾಸಿಗೆ ತಲುಪಿ ಏರ್‌ಬ್ಯಾಗ್ ಅನವಶ್ಯಕವಾಗಿ ಬಿಚ್ಚಿಕೊಳ್ಳಬಹುದು, ಇಲ್ಲವೆ ಮುಂದೆ ಚಾಚಿದ ಕೊಳವೆಗಳು ಮೊದಲು ಬಾಗಿ, ಸೆನ್ಸರಿಗೆ ಸುದ್ದಿ ತಡವಾಗಿ ಮುಟ್ಟಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಷ್ಟರಲ್ಲಿ ಚಾಲಕನ ತಲೆ ಸ್ಟೀರಿಂಗಿಗೆ ಹತ್ತಿರವಾಗಿರಬಹುದು. ಎರಡನೆಯದು ಪ್ರಾಣಕ್ಕೇ ಅಪಾಯ. ಇನ್ನು ಹೊರಗಿನವರ ಮಾತು: ಮೃದುವಾದ ಹೊದಿಕೆ ನಡೆದುಹೋಗುವವನ ಮೊಣಕಾಲನ್ನೂ ಮಗುವಿನ ತಲೆಯನ್ನೂ ಸ್ವಲ್ಪವಾದರೂ ಉಳಿಸುತ್ತದೆ. ಐದು ಮಿಲಿಮೀಟರಿನ ಲೋಹದ ಅಂಚು ಉಳಿಸುವುದಿಲ್ಲ. ಲಕ್ಷ್ಮೀ ರಸ್ತೆಯ ಜನಸಂದಣಿಯಲ್ಲೋ ಮಾಪುಸಾದ ಶುಕ್ರವಾರದ ಸಂತೆಯಲ್ಲೋ ಓಡುವ ವಾಹನದ ಮುಖ ಹೇಗಿರಬೇಕೆಂಬುದನ್ನು ಈ ದೃಷ್ಟಿಯಿಂದಲೂ ಯೋಚಿಸಬೇಕು.

ಆದ್ದರಿಂದ ಮಾರಾಟಗಾರನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. “ಕಂಪನಿಯ ಕ್ರ್ಯಾಶ್ ಬಾಕ್ಸ್ ಉಳಿಯುತ್ತದೆಯೇ, ಸೆನ್ಸರ್‌ನ ಜಾಗ ಬದಲಾಗುತ್ತದೆಯೇ?” ಎಂದು ಕೇಳಿ. ಉತ್ತರಕ್ಕೆ ಆಧಾರವಾಗಿ ಜೋಡಣೆಯ ನಕ್ಷೆಯನ್ನೋ ತಯಾರಕರ ಪತ್ರವನ್ನೋ ತೋರಿಸಲಾಗದಿದ್ದರೆ ಆ ಬಂಪರನ್ನು ಅಲ್ಲಿಗೇ ಬಿಟ್ಟುಬಿಡಿ. ಹೊಸ ಮಾದರಿಗಳಲ್ಲಿ ಚಾಲಕನಿಗೆ ನೆರವಾಗುವ ರೇಡಾರ್ ಗ್ರಿಲ್ಲಿನ ಹಿಂದೆಯೋ ಬಂಪರಿನ ಹಿಂದೆಯೋ ಇದ್ದರೆ, ಅದರ ಎದುರಿಗೆ ಯಾವುದೇ ಲೋಹ ಬಂದರೂ ಅದು ಕುರುಡಾಗುತ್ತದೆ.

ಮೂರನೆಯ ಹಂತ: ತೂಕದ ಲೆಕ್ಕ ಮಾಡಿ

ಅಲ್ಯೂಮಿನಿಯಂ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಅಲ್ಯೂಮಿನಿಯಂನದು 2.7. ಅಂದರೆ ಮೂರನೇ ಒಂದು ಪಾಲು. ಆದರೆ ಅಂಗಡಿಯವರು ಹೇಳುವಂತೆ ಬಂಪರಿನ ತೂಕವೂ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಅಲ್ಯೂಮಿನಿಯಂನ ಬಿಗಿತವೂ ಉಕ್ಕಿನ ಮೂರನೇ ಒಂದರಷ್ಟೇ ಇರುವುದರಿಂದ ತಗಡನ್ನು ದಪ್ಪ ಮಾಡಬೇಕಾಗುತ್ತದೆ. ಬಾಗುವಿಕೆಯನ್ನು ತಡೆಯುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 3.5 ಮಿಲಿಮೀಟರ್ ಉಕ್ಕಿಗೆ ಸಮನಾಗಲು ಸುಮಾರು 5 ಮಿಲಿಮೀಟರ್ ಅಲ್ಯೂಮಿನಿಯಂ ಸಾಕು, ಆಗ ತೂಕ ಸುಮಾರು ಅರ್ಧಕ್ಕೆ ಬರುತ್ತದೆ. ಉಕ್ಕಿನಷ್ಟೇ ತೆಳುವಾದ ತಗಡಿನಲ್ಲಿ ಮಾಡಿ “ಬಹಳ ಹಗುರ” ಎಂದು ಮಾರುವ ಬಂಪರ್ ಹಗುರವೂ ಹೌದು, ದುರ್ಬಲವೂ ಹೌದು. ಸ್ಲೈಡ್ ಕ್ಯಾಲಿಪರ್ ಹಿಡಿದು ಅಂಚಿನ ದಪ್ಪವನ್ನು ನೀವೇ ಅಳೆಯಿರಿ.

ಬಂಪರಿನ ತೂಕ ಮುಂಚಕ್ರಗಳ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬಂಪರ್ ಮುಂದಿನ ಆಕ್ಸೆಲ್‌ಗಿಂತ ಮುಂದಕ್ಕೆ ಚಾಚಿರುವುದರಿಂದ ಅದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮೂರು ಬಾಗಿಲಿನ ಥಾರ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಿನ ಅಂತರ, 2,450 ಮಿಲಿಮೀಟರ್. ಬಂಪರಿನ ತೂಕದ ಕೇಂದ್ರ ಆಕ್ಸೆಲ್‌ಗಿಂತ 700 ಮಿಲಿಮೀಟರ್ ಮುಂದಿದೆ ಎಂದಿಟ್ಟುಕೊಂಡರೆ, 60 ಕೆ.ಜಿ. ಉಕ್ಕಿನ ಬಂಪರ್ ಮುಂದಿನ ಆಕ್ಸೆಲ್ ಮೇಲೆ 77 ಕೆ.ಜಿ. ಹೇರುತ್ತದೆ, ಹಿಂದಿನ ಆಕ್ಸೆಲ್‌ನಿಂದ 17 ಕೆ.ಜಿ. ಕಡಿಮೆ ಮಾಡುತ್ತದೆ. ಅದೇ ಆಕಾರದ 30 ಕೆ.ಜಿ. ಅಲ್ಯೂಮಿನಿಯಂ ಬಂಪರ್ ಹೇರುವುದು ಸುಮಾರು 39 ಕೆ.ಜಿ. ಮಾತ್ರ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮುಂಭಾಗ ಎಷ್ಟು ತಗ್ಗುತ್ತದೆ, ಕೆಸರಿನಲ್ಲಿ ಮುಂಚಕ್ರ ಎಷ್ಟು ಹೂಳುತ್ತದೆ, ಹಿಂಚಕ್ರಕ್ಕೆ ಎಷ್ಟು ಹಿಡಿತ ಉಳಿಯುತ್ತದೆ ಎಂಬುದೆಲ್ಲ ಈ ಅಂಕಿಗಳನ್ನು ಅವಲಂಬಿಸಿದೆ. ಸುಮಾರು 1,200 ಕೆ.ಜಿ. ತೂಗುವ ಜಿಮ್ನಿಯಂತಹ ಹಗುರ ವಾಹನಕ್ಕೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಅದಕ್ಕೆ ಉಕ್ಕಿನ ಭಾರೀ ಬಂಪರ್ ಹಾಕುವುದು ಆ ವಾಹನದ ಮುಖ್ಯ ಗುಣವನ್ನೇ ಕಳೆಯುವುದಾಗಿದೆ.

ಜೋಡಿಸುವ ಮೊದಲು ಸಮತಟ್ಟಾದ ನೆಲದಲ್ಲಿ ಮುಂಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಕಡೆ ಅಳೆದು ಬರೆದಿಡಿ. ಜೋಡಿಸಿದ ಮೇಲೆ ಎತ್ತರ 15 ಮಿಲಿಮೀಟರಿಗಿಂತ ಹೆಚ್ಚು ಇಳಿದರೆ ಸ್ಪ್ರಿಂಗ್ ಬದಲಾಯಿಸುವ ಯೋಚನೆ ಮಾಡಬೇಕು. ಕಡಿಮೆ ಇಳಿದರೂ ಹೆಡ್‌ಲೈಟಿನ ಕೋನ ಸರಿಪಡಿಸುವುದು ಮತ್ತು ವೀಲ್ ಅಲೈನ್‌ಮೆಂಟ್ ಮಾಡಿಸುವುದು ತಪ್ಪಬಾರದು.

ನಾಲ್ಕನೆಯ ಹಂತ: ಮಿಶ್ರಲೋಹದ ಹೆಸರು ಕೇಳಿ

“ಅಲ್ಯೂಮಿನಿಯಂ” ಎಂದರೆ ಉತ್ತರವಾಗಲಿಲ್ಲ. ಯಾವ ಅಂಕಿಯ ಅಲ್ಯೂಮಿನಿಯಂ ಎಂದು ತಿಳಿಯಬೇಕು. ಬಂಪರಿನ ಕೆಲಸಕ್ಕೆ ಹೆಚ್ಚಾಗಿ ಸಿಗುವವು ಮೂರು. 5052-ಎಚ್32 ತಗಡು ಚೆನ್ನಾಗಿ ಮಡಿಚಿಕೊಳ್ಳುತ್ತದೆ, ಶಾಶ್ವತವಾಗಿ ಬಾಗತೊಡಗುವ ಮಿತಿ ಸುಮಾರು 190 ಮೆಗಾಪಾಸ್ಕಲ್. 6061-ಟಿ6ರ ಮಿತಿ ಸುಮಾರು 275, ಅಂದರೆ ನಾವು ನಿತ್ಯ ಬಳಸುವ 250 ಮೆಗಾಪಾಸ್ಕಲ್‌ನ ಕಟ್ಟಡದ ಉಕ್ಕಿಗೆ ಸರಿಸಮ, ಆದರೆ ಅದನ್ನು ಚಿಕ್ಕ ಸುತ್ತಿನಲ್ಲಿ ಮಡಿಚಿದರೆ ಹೊರಮೈ ಬಿರಿಯುತ್ತದೆ. 5083 ದೋಣಿ ಮತ್ತು ಹಡಗುಗಳ ಒಡಲಿಗೆ ಬಳಸುವ ಲೋಹ. ಇದು ಉಪ್ಪುನೀರಿಗೆ ಜಗ್ಗುವುದಿಲ್ಲ. ಕಿಟಕಿ ಚೌಕಟ್ಟುಗಳಿಗೆ ಬಳಸುವ 6063 ಕೊಳವೆಯೂ ಕೆಲವೆಡೆ ಬಂಪರಾಗಿ ಮಾರಾಟವಾಗುತ್ತದೆ. ದೀಪ ಕಟ್ಟುವ ಕಂಬಿಗೆ ಅದು ಸಾಕು, ಹೊಡೆತ ತಡೆಯುವ ಭಾಗಕ್ಕೆ ಸಾಲದು.

ಇಲ್ಲಿ ಬಹುಮಂದಿ ಗಮನಿಸದ ಸಂಗತಿಯೊಂದಿದೆ. 6061-ಟಿ6ರ ಬಲ ಬಂದಿರುವುದು ಶಾಖಸಂಸ್ಕಾರದಿಂದ. ಬೆಸುಗೆಯ ಬಿಸಿ ತಗುಲಿದ ಕಡೆ ಆ ಸಂಸ್ಕಾರ ಅಳಿಸಿಹೋಗಿ, ಬೆಸುಗೆಯ ಇಕ್ಕೆಲದ ಸುಮಾರು ಒಂದು ಅಂಗುಲದ ಪಟ್ಟಿಯಲ್ಲಿ ಬಾಗುವ ಮಿತಿ ಅರ್ಧದಷ್ಟಾಗುತ್ತದೆ. ಪೂರ್ತಿ ಬಂಪರನ್ನು ಕುಲುಮೆಯಲ್ಲಿಟ್ಟು ಮತ್ತೆ ಸಂಸ್ಕರಿಸುವ ವ್ಯವಸ್ಥೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇರುವುದಿಲ್ಲ. ಹೀಗಾಗಿ ಕಾಗದದ ಮೇಲೆ ಬಲಿಷ್ಠವಾಗಿ ಕಾಣುವ 6061, ಬ್ರ್ಯಾಕೆಟ್ ಕೂಡುವ ಮೂಲೆಯಲ್ಲಿ, ಅಂದರೆ ಬಲ ಹೆಚ್ಚು ಬೇಕಾದ ಜಾಗದಲ್ಲಿಯೇ, ಸೋಲಬಹುದು. ಶಾಖಸಂಸ್ಕಾರದ ಹಂಗಿಲ್ಲದ 5083 ಬೆಸುಗೆಯ ನಂತರವೂ ತನ್ನ ಬಲದ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತದೆ. ಬೆಸುಗೆ ಹೆಚ್ಚಿರುವ, ಕೊಂಕಣದ ಗಾಳಿಯಲ್ಲಿ ಓಡುವ ಬಂಪರಿಗೆ ನನ್ನ ಆಯ್ಕೆ 5083. ಕಡಿಮೆ ಬೆಸುಗೆ, ಹೆಚ್ಚು ಬೋಲ್ಟ್ ಜೋಡಣೆ ಇರುವ ವಿನ್ಯಾಸಕ್ಕೆ 6061 ಒಳ್ಳೆಯದು.

ಪುರಾವೆಗೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ತಗಡು ಉರುಳಿಸಿದ ಕಾರ್ಖಾನೆ ಕೊಡುವ ಈ ಕಾಗದದಲ್ಲಿ ಲೋಹದ ಘಟಕಗಳ ಪ್ರಮಾಣವೂ ಬಲದ ಅಂಕಿಗಳೂ ತಗಡಿನ ಹೀಟ್ ನಂಬರೂ (ಲೋಹ ಕರಗಿಸಿದ ಸರದಿಯ ಸಂಖ್ಯೆ) ಇರುತ್ತವೆ. ಭೋಸರಿ, ಚಾಕಣ ಸುತ್ತಲಿನ ವಾಹನೋದ್ಯಮಕ್ಕೆ ಭಾಗಗಳನ್ನು ಒದಗಿಸುವ ವರ್ಕ್‌ಶಾಪ್‌ಗಳಿಗೆ ಈ ಕಾಗದ ಹೊಸದೇನಲ್ಲ, ಕೇಳಿದರೆ ಬೇಸರಪಡದೆ ತೋರಿಸುತ್ತಾರೆ. ಅಯಸ್ಕಾಂತ ಅಂಟದಿರುವುದು ಪುರಾವೆಯಲ್ಲ. ಅದು ಸಾಮಾನ್ಯ ಉಕ್ಕಲ್ಲ ಎಂಬುದನ್ನಷ್ಟೇ ಸೂಚಿಸುತ್ತದೆ, ಯಾವ ಅಲ್ಯೂಮಿನಿಯಂ ಎಂಬುದನ್ನಲ್ಲ.

ಐದನೆಯ ಹಂತ: ಬೆಸುಗೆಯನ್ನು ಪರೀಕ್ಷಿಸಿ

ಅಲ್ಯೂಮಿನಿಯಂ ಬೆಸುಗೆಯನ್ನು ನಮ್ಮ ಕಡೆ ಆರ್ಗನ್ ವೆಲ್ಡಿಂಗ್ ಎಂದು ಕರೆಯುತ್ತಾರೆ. ಉಕ್ಕನ್ನು ಬೆಸೆಯುವವರೆಲ್ಲ ಅಲ್ಯೂಮಿನಿಯಂ ಬೆಸೆಯಬಲ್ಲರು ಎಂದು ತಿಳಿಯಬಾರದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಮಿಕ್ಕಿದ ಬಿಸಿ ಬೇಕು. ಬೇರೆ ಲೋಹಕ್ಕೆ ಬಳಸದ ಸ್ಟೇನ್‌ಲೆಸ್ ಬ್ರಷ್‌ನಿಂದ ಆ ಪದರವನ್ನು ಉಜ್ಜಿ ತೆಗೆದು, ಎಣ್ಣೆಯ ಜಿಡ್ಡು ಒರೆಸಿ, ಕೂಡಲೇ ಬೆಸೆಯಬೇಕು. ಹಾಗೆ ಮಾಡದಿದ್ದರೆ ಮೇಲೆ ಚಂದದ ಅಲೆಗಳು ಕಾಣುತ್ತವೆ, ಒಳಗೆ ಎರಡು ಲೋಹಗಳು ಕೂಡಿಕೊಂಡೇ ಇರುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕರಗಿದ ಅಲ್ಯೂಮಿನಿಯಂ ತೇವಾಂಶದಿಂದ ಜಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಹೊರಹಾಕಲಾಗದೆ, ಬೆಸುಗೆಯ ಒಳಗೆ ಸಣ್ಣ ಗುಳ್ಳೆಗಳನ್ನು ಉಳಿಸಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಪಣಜಿಯಲ್ಲೋ ಮುಂಬಯಿಯಲ್ಲೋ ತೆರೆದ ಶೆಡ್ಡಿನಲ್ಲಿ, ತೇವ ಹಿಡಿದ ಬೆಸುಗೆ ರಾಡ್ ಬಳಸಿ ಮಾಡಿದ ಬೆಸುಗೆಯಲ್ಲಿ ಇದರ ಸಂಭವ ಬಹಳ ಹೆಚ್ಚು. ಕೆಲಸ ಮಾಡಿಸುವುದಿದ್ದರೆ ನವೆಂಬರ್‌ನಿಂದ ಮೇ ತಿಂಗಳ ನಡುವೆ ಮಾಡಿಸಿ, ಇಲ್ಲವೆ ರಾಡನ್ನು ಮುಚ್ಚಿದ ಒಣ ಜಾಗದಲ್ಲಿಟ್ಟು, ತಗಡನ್ನು ಬೆಚ್ಚಗೆ ಮಾಡಿ ಒಣಗಿಸಿಕೊಳ್ಳುವ ವರ್ಕ್‌ಶಾಪನ್ನು ಹುಡುಕಿ. ಗೋವೆಯಲ್ಲಿ ಹಡಗುಕಟ್ಟೆಯ ಕೆಲಸದಲ್ಲಿ ಅಲ್ಯೂಮಿನಿಯಂ ಬೆಸೆದ ಅನುಭವವುಳ್ಳವರು ಸಿಕ್ಕರೆ ಅವರಿಗಿಂತ ಉತ್ತಮರಿಲ್ಲ. ರಾಡ್ ಯಾವುದೆಂದೂ ಕೇಳಿ: 5083ಕ್ಕೆ 5356 ಅಥವಾ 5183 ಸರಿ, ಸುಲಭವಾಗಿ ಹರಿಯುತ್ತದೆಂದು 4043 ಬಳಸಿದರೆ ಬೆಸುಗೆ ಪೆಡಸಾಗುತ್ತದೆ.

ಪರೀಕ್ಷೆಗೆ ಡೈ ಪೆನೆಟ್ರಂಟ್ ಸಾಕು. ಕೆಂಪು ದ್ರವವನ್ನು ಬೆಸುಗೆಗೆ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಮೇಲ್ಮೈಗೆ ತೆರೆದುಕೊಂಡ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಇದನ್ನು ಬಣ್ಣ ಹಾಕುವ ಮೊದಲೇ ಮಾಡಿಸಬೇಕು. ಬಣ್ಣ ಹಾಕಿದ ಬಂಪರನ್ನು ಕೊಳ್ಳುವಾಗ ಬೆನ್ನ ಕಡೆಯ ಬೆಸುಗೆಗಳ ಆರಂಭ ಮತ್ತು ಅಂತ್ಯದ ಬಿಂದುಗಳನ್ನು ಟಾರ್ಚ್ ಹಿಡಿದು ನೋಡಿ. ಕೊನೆಯಲ್ಲಿ ಸಣ್ಣ ಕುಳಿ ಬಿದ್ದಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಅಲುಗಾಟವನ್ನು ಎಷ್ಟು ಕಾಲವಾದರೂ ತಾಳಿಕೊಳ್ಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂತಹ ಮಿತಿಯಿಲ್ಲ, ಸಣ್ಣ ಅಲುಗಾಟವೂ ವರ್ಷಗಟ್ಟಲೆ ಕೂಡುತ್ತ ಹೋಗಿ ಲೋಹವನ್ನು ದಣಿಸುತ್ತದೆ. ಬೆಸುಗೆಯ ಅಂಚು ನಯವಾಗಿರಬೇಕು ಎನ್ನುವುದಕ್ಕೆ ಇದೇ ಕಾರಣ, ಅಂದಕ್ಕಾಗಿ ಅಲ್ಲ.

ಅಲ್ಯೂಮಿನಿಯಂ ಯಾರಿಗೆ ಬೇಡ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೊಟ್ಟಗಾದ ಉಕ್ಕಿನ ಬಂಪರನ್ನು ನಿಪ್ಪಾಣಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿಯೂ ಬಿಸಿ ಮಾಡಿ ನೆಟ್ಟಗಾಗಿಸುತ್ತಾರೆ. ಅಲ್ಯೂಮಿನಿಯಂ ಹಾಗೆ ಬಗ್ಗಿಸಿದರೆ ಬಿರಿಯುತ್ತದೆ, ಬಿಸಿ ಮಾಡಿದರೆ ಬಲ ಕಳೆದುಕೊಳ್ಳುತ್ತದೆ. ಬಂಡೆಗೆ ಪದೇ ಪದೇ ತಾಗಿಸುತ್ತ, ಊರುಗಳಿಂದ ದೂರದಲ್ಲಿ ಓಡಿಸುವ ಸ್ಪರ್ಧಿಗೆ ಉಕ್ಕೇ ಒಳ್ಳೆಯದು.

ಆರನೆಯ ಹಂತ: ಎಳೆಯುವ ಬಲ ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಿ

ಕೆಸರಿನಲ್ಲಿ ಸಿಕ್ಕಿಬಿದ್ದ ವಾಹನವನ್ನು ಎಳೆಯುವ ಕೊಕ್ಕೆ ಬಂಪರಿನ ತಗಡಿಗೆ ಬೆಸೆದಿರಬಾರದು. ಬಲವು ಬಂಪರನ್ನು ದಾಟಿ ನೇರವಾಗಿ ಚಾಸಿಗೆ ಹೋಗುವಂತೆ, ಉಕ್ಕಿನ ಫಲಕವನ್ನು ಚಾಸಿಗೆ ಬೋಲ್ಟ್ ಮಾಡಿ, ಅಲ್ಯೂಮಿನಿಯಂನಲ್ಲಿ ಅದಕ್ಕೆ ತೆರಪು ಬಿಟ್ಟಿರಬೇಕು. ಎಳೆಯುವ ಪಟ್ಟಿಯನ್ನು ಸಿಕ್ಕಿಸುವ ಉಕ್ಕಿನ ಕೊಂಡಿಯಾದ ಬೋ ಶ್ಯಾಕಲ್ ಮುಕ್ಕಾಲು ಅಂಗುಲದ್ದಾದರೆ ಅದರ ಕೆಲಸದ ಮಿತಿ 4.75 ಟನ್. ಆ ಉಕ್ಕಿನ ಪಿನ್ ಅಲ್ಯೂಮಿನಿಯಂ ರಂಧ್ರದಲ್ಲಿ ಕೂತರೆ ಕೆಲವೇ ಸಲದ ಎಳೆತದಲ್ಲಿ ರಂಧ್ರ ಅಂಡಾಕಾರಕ್ಕೆ ತಿರುಗುತ್ತದೆ. ಹೀಗೆ ಕಿತ್ತುಬಂದ ಕೊಕ್ಕೆ ಎಳೆಯುವ ಪಟ್ಟಿಯ ಜೊತೆ ಹಾರಿ ಜನರನ್ನು ಕೊಲ್ಲಬಲ್ಲದು, ಆದ್ದರಿಂದ ಈ ವಿಷಯದಲ್ಲಿ ರಾಜಿ ಸಲ್ಲದು.

ವಿಂಚ್ (ಹಗ್ಗ ಸುತ್ತಿ ವಾಹನವನ್ನು ಎಳೆಯುವ ಯಂತ್ರ) ಕೂರಿಸುವುದಿದ್ದರೆ ವಾಹನದ ಸಾಮಾನು ಸಹಿತ ಗರಿಷ್ಠ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ಬೇಕೆಂಬುದು ವಾಡಿಕೆಯ ಲೆಕ್ಕ. ಮಧ್ಯಮ ಗಾತ್ರದ ವಿಂಚ್‌ಗಳ ಬೋಲ್ಟ್ ರಂಧ್ರಗಳ ಅಂತರ ಸಾಮಾನ್ಯವಾಗಿ 254 ಮತ್ತು 114.3 ಮಿಲಿಮೀಟರ್ ಇರುವುದರಿಂದ ಬಂಪರಿನ ತಟ್ಟೆಯಲ್ಲಿ ಇದೇ ಅಳತೆ ಇದೆಯೇ ನೋಡಿ. ಆ ತಟ್ಟೆ ಉಕ್ಕಿನದಾಗಿದ್ದು ಚಾಸಿಗೆ ಪ್ರತ್ಯೇಕವಾಗಿ ಬಿಗಿದಿದ್ದರೆ ಉತ್ತಮ. ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಆರಿಸಿದರೆ ಮುಂಭಾಗದ ತೂಕ ಇನ್ನೂ ಇಳಿಯುತ್ತದೆ, ಅದಕ್ಕೆ ನಯವಾದ ಅಲ್ಯೂಮಿನಿಯಂ ಫೇರ್‌ಲೀಡ್, ಅಂದರೆ ಹಗ್ಗ ಹಾದುಬರುವ ಕಿಂಡಿ, ಬೇಕು. ವಿಂಚ್ ಬೇಡವಾದವರು ವಿಂಚ್ ತಟ್ಟೆಯಿಲ್ಲದ ಬಂಪರನ್ನೇ ಕೊಳ್ಳಿ. “ಮುಂದೆ ಎಂದಾದರೂ ಬೇಕಾಗಬಹುದು” ಎಂದು ಹೊರುವ ತೂಕ ಪ್ರತಿದಿನವೂ ಹೊರೆಯೇ.

ಏಳನೆಯ ಹಂತ: ಉಪ್ಪಿನ ಗಾಳಿಗೆ ಸಿದ್ಧಪಡಿಸಿ

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಪುಣೆಯ ಒಣ ಹವೆಯಲ್ಲಿ ಬಹುಮಟ್ಟಿಗೆ ನಿಜ. ವೆಂಗುರ್ಲಾದಿಂದ ಕಾಣಕೋಣದವರೆಗಿನ ಕರಾವಳಿಯಲ್ಲಿ ಅದು ಅರ್ಧ ಸತ್ಯ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ತಗಡು, ನಡುವೆ ಉಪ್ಪುನೀರು, ಈ ಮೂರು ಕೂಡಿದರೆ ಅಲ್ಲಿ ಒಂದು ಬ್ಯಾಟರಿಯೇ ಹುಟ್ಟಿಕೊಂಡಂತೆ. ಆಗ ಸವೆಯುವುದು ಅಲ್ಯೂಮಿನಿಯಂ. ಬಣ್ಣ ಗುಳ್ಳೆಯೆದ್ದು ಒಳಗೆ ಬಿಳಿ ಪುಡಿ ಕಂಡರೆ ಸವೆತ ಆಗಲೇ ಆರಂಭವಾಗಿದೆ ಎಂದು ಅರ್ಥ.

ತಡೆಯುವ ದಾರಿ ಸರಳ, ಶ್ರದ್ಧೆ ಮಾತ್ರ ಬೇಕು. ಚಾಸಿಯ ಉಕ್ಕಿಗೂ ಬಂಪರಿನ ಅಲ್ಯೂಮಿನಿಯಂಗೂ ನಡುವೆ ಗಟ್ಟಿಯಾದ, ಒತ್ತಿದರೆ ತೆಳುವಾಗದ ನೈಲಾನ್ ಫಲಕ, ಬೋಲ್ಟಿನ ಸುತ್ತ ನೈಲಾನ್ ಬುಷ್, ತಲೆಯ ಕೆಳಗೆ ಅಗಲವಾದ ವಾಷರ್, ಜೋಡಿಸುವಾಗ ಲೋಹಗಳ ನಡುವೆ ತೇವ ನುಗ್ಗದಂತೆ ಸವೆತನಿರೋಧಕ ಪೇಸ್ಟ್ ಇರಬೇಕು. ಚಾಸಿಗೆ ಬಿಗಿಯುವ ಬೋಲ್ಟ್ 8.8 ಅಥವಾ 10.9 ದರ್ಜೆಯದಾಗಿರಲಿ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್ ತುಕ್ಕಿಗೆ ಮಣಿಯದಿದ್ದರೂ ಬಲದಲ್ಲಿ 8.8ರ ಸಮಕ್ಕೆ ಬರುವುದಿಲ್ಲ. ದೀಪ, ಜಾಲರಿಗಳಂತಹ ಹಗುರ ಭಾಗಗಳಿಗೆ ಅದನ್ನು ಬಳಸಬಹುದು, ಕರಾವಳಿಯವರು 304 ದರ್ಜೆಯ ಸ್ಟೇನ್‌ಲೆಸ್ ಬದಲು 316 ಕೇಳಿ ಪಡೆಯಬೇಕು. ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. 1.6 ಮೀಟರ್ ಅಗಲದ ಬಂಪರಿನಲ್ಲಿ 40 ಡಿಗ್ರಿ ತಾಪವ್ಯತ್ಯಾಸಕ್ಕೆ ಈ ಅಂತರ ಮುಕ್ಕಾಲು ಮಿಲಿಮೀಟರಿನಷ್ಟಾಗುವುದರಿಂದ ಒಂದು ಬದಿಯ ರಂಧ್ರಗಳು ಅಡ್ಡಕ್ಕೆ ಉದ್ದವಾಗಿರಬೇಕು.

ಪೌಡರ್ ಕೋಟಿಂಗ್‌ಗೆ ಮೊದಲು ರಾಸಾಯನಿಕ ಸಂಸ್ಕಾರ ಮಾಡಿದ್ದಾರೆಯೇ ಎಂದು ಕೇಳಿ, ಕೇವಲ ಉಜ್ಜಿ ಬಣ್ಣ ಹಾಕಿದರೆ ಉಪ್ಪಿನ ಗಾಳಿಯಲ್ಲಿ ಬಣ್ಣದ ಕೆಳಗೆ ಎಳೆ ಎಳೆಯಾಗಿ ಸವೆತ ಹರಡುತ್ತದೆ. ಚೂಪಾದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲವಾದ್ದರಿಂದ ಅಂಚುಗಳನ್ನು ಗುಂಡಗೆ ಉಜ್ಜಿರಬೇಕು. ಪೆಟ್ಟಿಗೆಯಾಕಾರದ ಬಂಪರಿನ ತಳದಲ್ಲಿ ಕನಿಷ್ಠ 10 ಮಿಲಿಮೀಟರಿನ ನೀರಿಳಿಯುವ ರಂಧ್ರಗಳು ಬೇಕು, ಇಲ್ಲದಿದ್ದರೆ ಕೊಂಕಣದ ಕೆಮ್ಮಣ್ಣಿನ ಕೆಸರು ಒಳಗೆ ತುಂಬಿ ತಿಂಗಳುಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ಗೋವೆಯ ಕಡಲತೀರದ ಮರಳಿನಲ್ಲಿ ವಾಹನ ಓಡಿಸುವುದು ನಿಷಿದ್ಧ. ದಡದ ರಸ್ತೆಯಲ್ಲಿ ಓಡಿಸಿದರೂ ಮನೆಗೆ ಬಂದು ಸಿಹಿನೀರಿನಲ್ಲಿ ಬಂಪರಿನ ಬೆನ್ನನ್ನು ತೊಳೆಯುವ ಅಭ್ಯಾಸ ಇಟ್ಟುಕೊಳ್ಳಿ.

ಎಂಟನೆಯ ಹಂತ: ಆಕಾರವನ್ನು ಅಳೆದು ನೋಡಿ

ಇಷ್ಟಾದ ಮೇಲೆ ಮುಖದ ಕಡೆ ಬರಬಹುದು. ಏರು ದಿಬ್ಬಕ್ಕೆ ಮೂತಿ ತಾಗದಂತೆ ಹತ್ತುವ ಕೋನ ಜಿಮ್ನಿಗೆ ಮೂಲದಲ್ಲಿ 36 ಡಿಗ್ರಿ, ಥಾರ್‌ಗೆ 41 ಡಿಗ್ರಿಗೂ ಮಿಕ್ಕು. ಹೊಸ ಬಂಪರ್ ಇದನ್ನು ಕಡಿಮೆ ಮಾಡಬಾರದು. ನೆಟ್ಟಗಿನ ಮರದ ಪಟ್ಟಿಯೊಂದನ್ನು ಮುಂಚಕ್ರದ ಟಯರಿಗೂ ಬಂಪರಿನ ಕೆಳ ಅಂಚಿಗೂ ತಾಗಿಸಿ ಹಿಡಿದು, ಮೊಬೈಲಿನ ಕೋನಮಾಪಕವನ್ನು ಅದರ ಮೇಲಿಟ್ಟರೆ ಅಂಕಿ ಸಿಗುತ್ತದೆ. ರೇಡಿಯೇಟರಿಗೂ ಇಂಟರ್‌ಕೂಲರಿಗೂ ಗಾಳಿ ಸಾಕೇ ಎಂದು ತಿಳಿಯಲು, ಮೂಲ ಬಂಪರಿನ ಗಾಳಿಕಿಂಡಿಗಳ ಆಕಾರದಲ್ಲಿ ಕಾಗದ ಕತ್ತರಿಸಿ ಹೊಸದರ ಮೇಲಿಟ್ಟು ಹೋಲಿಸಿ. ಏಪ್ರಿಲ್ ತಿಂಗಳ ಘಾಟಿ ಏರಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಪೂರ್ತಿ ಕಾಣುವಂತೆ ಕೂರಬೇಕು. ಫಾಗ್ ಲ್ಯಾಂಪ್, ಪಾರ್ಕಿಂಗ್ ಸೆನ್ಸರ್‌ಗಳಿಗೆ ಮೂಲದ ಜಾಗಗಳಿರಬೇಕು.

ಕೊನೆಯ ಹಂತ: ಜೋಡಣೆ, ಕಾಗದಪತ್ರ ಮತ್ತು ಮರುಪರೀಕ್ಷೆ

ಹಣ ಪೂರ್ತಿ ಕೊಡುವ ಮೊದಲು ಬಣ್ಣ ಹಾಕದ ಸ್ಥಿತಿಯಲ್ಲಿ ಒಮ್ಮೆ ಕೂರಿಸಿ ನೋಡಿ. ಯಾವ ಬೋಲ್ಟನ್ನೂ ಸುತ್ತಿಗೆಯಿಂದ ಹೊಡೆದು ಕೂರಿಸುವಂತಾಗಬಾರದು, ಚಾಸಿಯಲ್ಲಿ ಹೊಸ ರಂಧ್ರ ಕೊರೆಯಬಾರದು, ಚಾಸಿಗೆ ಬೆಸುಗೆ ಹಾಕಲೇಬಾರದು. ಬಿಲ್ಲಿನಲ್ಲಿ ಮಿಶ್ರಲೋಹದ ಅಂಕಿ, ತಗಡಿನ ದಪ್ಪ, ತೂಕ ಮೂರನ್ನೂ ಬರೆಸಿಕೊಳ್ಳಿ. ತೂಕವನ್ನು ಅಲ್ಲಿಯೇ ಕಾಟಾದ ಮೇಲಿಟ್ಟು ನೋಡಿದರೆ ಬೇರೆ ಎಷ್ಟೋ ಮಾತುಗಳು ಅನವಶ್ಯಕವಾಗುತ್ತವೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಸಿ, ಮೊದಲ 500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಪರೀಕ್ಷಿಸಿ, ಆಮೇಲೆ ಪ್ರತಿ ಮಳೆಗಾಲ ಮುಗಿದ ಕೂಡಲೇ ಬೆನ್ನ ಕಡೆಯ ಬೆಸುಗೆಗಳನ್ನೂ ನೈಲಾನ್ ಫಲಕಗಳನ್ನೂ ನೋಡಿ.

ಮೂಲ ಬಂಪರ್, ಅದರ ತೊಲೆ, ಕ್ರ್ಯಾಶ್ ಬಾಕ್ಸ್, ಬೋಲ್ಟುಗಳನ್ನು ಎಸೆಯಬೇಡಿ, ಗುಜರಿಗೆ ಕೊಡಬೇಡಿ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಕೆಲಸ ಬದಲಾಗಿ ಪುಣೆಯಿಂದ ಬೆಳಗಾವಿಗೋ ಬೆಂಗಳೂರಿಗೋ ಮರಳುವಾಗ ವಾಹನವನ್ನು ಆರ್‌ಟಿಒ ಪರಿಶೀಲನೆಗೆ ಒಯ್ಯಬೇಕಾಗಿ ಬಂದರೆ, ಅದಕ್ಕೆ ಮೊದಲು ಮೂಲ ಬಂಪರನ್ನು ಎಲ್ಲ ಭಾಗಗಳೊಡನೆ ಮತ್ತೆ ಜೋಡಿಸಿಕೊಂಡು ಹೋಗಿ.